ಮಲ್ಲಿಯ ದಿಂಬು

ಮನೆ ಬದಲಾಯಿಸುವ ದಿನ ಒಂದು ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ಸಾಮಾನಿನ ಮೇಲೆಯೇ ಬೇಸರ ಬರುತ್ತದೆ. ಕಳೆದ ವಾರ ನನಗೆ ಅದು ಬಂದದ್ದು ಅಡುಗೆಮನೆಯಲ್ಲಿ. ಒಂದು ಡಬ್ಬಿಯ ಮುಚ್ಚಳ ಹಿಡಿದುಕೊಂಡು, ಇದರ ಡಬ್ಬಿ ಯಾವ ಕಾಲದಲ್ಲಿ ಕಳೆದುಹೋಯಿತು, ಆಮೇಲೂ ಇದನ್ನು ಯಾಕೆ ಜೋಪಾನ ಮಾಡಿದೆವು ಎಂದು ಯೋಚಿಸುತ್ತ ನಿಂತಿದ್ದೆ. ನನ್ನ ಹೆಂಡತಿ ವನಿತಾ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ, "ನೀವು ಹೀಗೆ ಒಂದೊಂದನ್ನೇ ನೋಡ್ತಾ ನಿಂತರೆ ನಾವು ಬರುವ ರಂಜಾನಿಗೂ ಇಲ್ಲಿಯೇ ಇರ್ತೇವೆ" ಎಂದಳು. ಅಷ್ಟರಲ್ಲಿ ಸಾಮಾನು ಸಾಗಿಸಲು ಬಂದಿದ್ದ ಪಠಾಣ ಒಳಕೋಣೆಯಿಂದ ಒಂದು ಹಳದಿ ದಿಂಬು ಹಿಡಿದುಕೊಂಡು ಬಂದ. ಅದನ್ನು ಎರಡೇಟು ಕೊಡವಿ, "ಭಾಯ್, ಯೇ ಖಲಾಸ್?" ಎಂದು ಕೇಳಿದ. ಬಿಸಾಡುವುದೋ ಎಂದು ಅರ್ಥ.

ದೊಡ್ಡ ದಿಂಬಲ್ಲ. ಊಟದ ತಟ್ಟೆಗಿಂತ ಚೂರು ಅಗಲ, ನೆಲದ ಮೇಲೆ ಹಾಕಿ ಕೂರುವಂಥದ್ದು. ಕೊಡವಿದಾಗ ದೂಳಿನ ಜೊತೆಗೆ ಆರಿದ ಬತ್ತಿಯ ವಾಸನೆ ಬಂತು. ತೆಂಗಿನೆಣ್ಣೆಯ ದೀಪ ನಂದಿಸಿದ ಮೇಲೆ ಒಂದು ನಿಮಿಷ ಇರುತ್ತದಲ್ಲ, ಅದು. ನಾನು ದಿಂಬನ್ನು ಅವನ ಕೈಯಿಂದ ತೆಗೆದುಕೊಂಡೆ. ಅದರ ನಡುವೆ ಒಂದು ತಗ್ಗು ಇತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಕಪಾಟಿನ ಮೇಲೆ ಅದೊಂದನ್ನೇ ಇಟ್ಟಿದ್ದೆವು, ಅದರ ಮೇಲೆ ಬೇರೇನನ್ನೂ ಹೇರಿರಲಿಲ್ಲ. ಈ ಮಾತನ್ನು ಈಗ ಹೇಳಿ ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ನಾನೇ ಸ್ವಲ್ಪ ಹೆದರಿದ್ದೆ, ಅಷ್ಟೇ.

ದೋಹಾದ ಮುಐದರಿನಲ್ಲಿ ವಿಲ್ಲಾದಲ್ಲಿದ್ದೇವೆ ಎಂದರೆ ಊರಿನಲ್ಲಿ ನನ್ನ ಅಮ್ಮ ನೆರೆಮನೆಯವರ ಮುಂದೆ ಒಂದು ಅಂಗುಲ ಎತ್ತರ ಆಗುತ್ತಾರೆ. ಒಂದು ವಿಲ್ಲಾವನ್ನು ಜಿಪ್ಸಮ್ ಹಲಗೆಗಳಿಂದ ಸೀಳಿ ಹಲವು ಸಂಸಾರಗಳಿಗೆ ಹಂಚಿದ್ದಾರೆ, ಪಕ್ಕದವರು ಸೀನಿದರೆ ನಮ್ಮ ಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತೇವೆ ಎಂಬುದನ್ನು ನಾವು ಅವರಿಗೆ ಹೇಳಿಲ್ಲ. ನಮ್ಮ ತಲೆಯ ಮೇಲಿನ ಭಾಗದಲ್ಲಿ ನಿಲ್ಮಿನಿ ಎಂಬ ಶ್ರೀಲಂಕಾದ ಹೆಂಗಸು ಇದ್ದರು. ಅವರ ಗಂಡನಿಗೆ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ. ಆ ಮನುಷ್ಯನನ್ನು ನಾವು ಕಂಡದ್ದಕ್ಕಿಂತ ಅವರ ಬೂಟುಗಳನ್ನು ಮೆಟ್ಟಿಲಿನಲ್ಲಿ ಕಂಡದ್ದೇ ಹೆಚ್ಚು. ನಿಲ್ಮಿನಿ ತಮ್ಮ ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಇಲ್ಲಿ ಬಂದ ಮೇಲೆ ಪಾಠ ಮಾಡದೆ ಕೈ ತುರಿಸುತ್ತಿತ್ತೆಂದು ಕಾಣುತ್ತದೆ. ಸುತ್ತಮುತ್ತಲಿನ ಸಿಂಹಳದ ಮಕ್ಕಳನ್ನು ಸೇರಿಸಿ ಶುಕ್ರವಾರ ಬೆಳಿಗ್ಗೆ ತಮ್ಮ ಹಾಲಿನಲ್ಲಿ ಧರ್ಮದ ಕ್ಲಾಸು ಶುರು ಮಾಡಿದರು. ಬೋರ್ಡಿಲ್ಲ, ಗಂಟೆಯಿಲ್ಲ, ಕಿಟಕಿಗೆ ಪರದೆ. ಇಲ್ಲಿ ಇಂಥದ್ದೆಲ್ಲ ಮನೆಯೊಳಗೆ, ಮೆಲ್ಲನೆ ನಡೆಯುತ್ತದೆ.

ನಮ್ಮ ಸಾನ್ವಿ ಆ ಕ್ಲಾಸಿಗೆ ಹೋಗಲು ಶುರು ಮಾಡಿದಾಗ ಅವಳಿಗೆ ಆರು ವರ್ಷ. ಅವಳನ್ನು ಬುದ್ಧನ ಕಡೆಗೆ ಕಳಿಸಿದ್ದು ನಮ್ಮ ಜ್ಞಾನದಾಹ ಎಂದು ನೀವು ತಿಳಿದರೆ ನನಗೆ ಸಂತೋಷವೇ, ಆದರೆ ನಿಜವಾದ ಕಾರಣ ನಿದ್ದೆ. ವಾರವಿಡೀ ನಾನು ವೆಸ್ಟ್ ಬೇಯ ಆಫೀಸಿಗೆ ಬಂದ ಕಟ್ಟಡಗಳ ಡ್ರಾಯಿಂಗುಗಳಿಗೆ ನಂಬರು ಹಾಕುತ್ತೇನೆ, ವನಿತಾ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಬೇರೆಯವರ ಹಲ್ಲುನೋವು ಕೇಳುತ್ತಾಳೆ. ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ಮಗುವನ್ನು ಯಾರಾದರೂ ಕೂರಿಸಿಕೊಂಡರೆ ಅವರು ಯಾವ ಧರ್ಮ ಹೇಳಿಕೊಟ್ಟರೂ ನಮಗೆ ಒಪ್ಪಿಗೆಯಿತ್ತು.

ಮತ್ತೊಂದು ಆಕರ್ಷಣೆ ಸಿಂಹಳ ಭಾಷೆಯದು. ಅವರಲ್ಲಿಯೂ ಅಮ್ಮ ಎಂದರೆ ಅಮ್ಮ, ಅಕ್ಕ ಎಂದರೆ ಅಕ್ಕ. ನಿಲ್ಮಿನಿ ವನಿತಾಳನ್ನು "ನಂಗಿ" ಎಂದು ಕರೆಯುತ್ತಿದ್ದರು. ಅದು ತಂಗಿಯೇ ಎಂದು ನಾನು ಯಾರ ಸಹಾಯವೂ ಇಲ್ಲದೆ ಕಂಡುಹಿಡಿದೆ. ಒಂದು ಭಾಷೆ ಪುಕ್ಕಟೆಯಾಗಿ ಕೈಗೆ ಬಂತೆಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಆ ಜಂಬವನ್ನು ದಯವಿಟ್ಟು ನೆನಪಿನಲ್ಲಿಡಿ.

ಕ್ಲಾಸಿನಲ್ಲಿ ಏನು ಹೇಳಿಕೊಡುತ್ತಿದ್ದರು ಎಂಬುದು ನಮಗೆ ಪರಿಣಾಮಗಳಿಂದ ತಿಳಿಯುತ್ತ ಹೋಯಿತು. ಮೊದಲು ಅಡುಗೆಮನೆಯ ಜಿರಳೆಗಳಿಗೆ ಅಭಯ ಸಿಕ್ಕಿತು. ನಾನು ಚಪ್ಪಲಿ ಎತ್ತಿದರೆ ಸಾನ್ವಿ ಜಿರಳೆಗೂ ನನಗೂ ನಡುವೆ ನಿಂತು, "ಅದಕ್ಕೂ ಬದುಕ್ಲಿಕ್ಕೆ ಇಷ್ಟ ಉಂಟು ಪಪ್ಪ" ಎನ್ನುತ್ತಿದ್ದಳು. ಆಮೇಲೆ ಸುಳ್ಳು ಹೇಳಬಾರದೆಂಬ ಪಾಠ ಬಂತು. ಆ ವಾರ ವಿಡಿಯೋ ಕಾಲಿನಲ್ಲಿ ವನಿತಾ ನನ್ನ ಅಮ್ಮನಿಗೆ ತಾನು ಪತ್ರೊಡೆ ಮಾಡಿದೆನೆಂದು ಹೇಳುತ್ತಿದ್ದಾಗ ಹಿಂದಿನಿಂದ, "ಅಲ್ಲ ಅಜ್ಜಿ, ಫ್ರೋಜನ್" ಎಂಬ ದನಿ ಬಂತು. ಒಂದು ಸಂಜೆ ನಾನು ಆಫೀಸಿನಿಂದ ಕಿರಿಕಿರಿ ಮಾಡುತ್ತ ಬಂದಾಗ ಉಪ್ಪಿನಕಾಯಿ ಬಾಟಲಿಯೊಂದನ್ನು ತಂದು ನನ್ನ ಮುಂದಿಟ್ಟಳು. ಒಳಗೆ ನೀರು ಮತ್ತು ಕಿಟಕಿಯ ಅಂಚಿನಿಂದ ಗೋರಿದ ಮರಳುದೂಳು. ಅಲ್ಲಾಡಿಸಿ, "ಇದು ನಿಮ್ಮ ಮನಸ್ಸು. ಮುಟ್ಬೇಡಿ. ಸುಮ್ಮನೆ ನೋಡಿ" ಎಂದಳು. ದೂಳು ತಳಕ್ಕೆ ಕೂರುವವರೆಗೆ ನಾನು ಸುಮ್ಮನೆ ನೋಡಿದೆ. ಹೇಳಿಕೊಳ್ಳಲು ನಾಚಿಕೆಯಾದರೂ, ಅದು ಕೆಲಸ ಮಾಡಿತು.

ಎಲ್ಲಕ್ಕಿಂತ ಅವಳಿಗೆ ಇಷ್ಟವಾದದ್ದು ಮೈತ್ರಿ. ಕಣ್ಣು ಮುಚ್ಚಿ ಕೂತು ಮೊದಲು ತನಗೆ ಒಳ್ಳೆಯದಾಗಲಿ ಎಂದುಕೊಳ್ಳಬೇಕು, ಆಮೇಲೆ ಮನೆಯವರಿಗೆ, ಆಮೇಲೆ ಓಣಿಯವರಿಗೆ, ಆಮೇಲೆ ಕಂಡರಾಗದವರಿಗೆ, ಕೊನೆಗೆ ಕಣ್ಣಿಗೆ ಕಾಣುವ ಮತ್ತು ಕಾಣದ ಎಲ್ಲರಿಗೆ. ಮುಗಿದಾಗ ಮಕ್ಕಳೆಲ್ಲ ಒಟ್ಟಿಗೆ "ಸಾಧು, ಸಾಧು, ಸಾಧು" ಎನ್ನುತ್ತಿದ್ದರು. ಏಸಿಯ ಪೈಪು ಇಳಿಯುವ ತೂತಿನಿಂದ ಆ ದನಿ ನಮ್ಮ ಹಾಲಿಗೆ ಇಳಿಯುತ್ತಿತ್ತು, ಮತ್ತು ನಾವು ನಿದ್ದೆಯ ಕೊನೆಯ ತುಂಡನ್ನು ಬಿಟ್ಟು ಏಳುತ್ತಿದ್ದೆವು.

ಮಕ್ಕಳು ಕೂರಲು ತಂತಮ್ಮ ದಿಂಬು ತರಬೇಕಿತ್ತು. ವನಿತಾ ಹಳದಿ ಬಟ್ಟೆಯಲ್ಲಿ ಒಂದನ್ನು ಹೊಲಿದುಕೊಟ್ಟಳು. ಕೆಲವು ವಾರ ಕಳೆದ ಮೇಲೆ ಸಾನ್ವಿ ಇನ್ನೊಂದು ಬೇಕು ಎಂದಳು.

"ಅದು ಎಲ್ಲಿ ಹೋಯ್ತು?"

"ಉಂಟು. ಇದು ಮಲ್ಲಿಗೆ. ಮಲ್ಲಿ ನೆಲದಲ್ಲಿ ಕೂತ್ಕೊಳ್ತದೆ."

ಇಲ್ಲಿ ನಮ್ಮ ಊರಿನ ಮಾತಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ನಾವು ಕರಾವಳಿಯವರು, ಮನೆಮಾತು ತುಳು. ತುಳುವಿನಲ್ಲಿ ಹುಡುಗಿಯರನ್ನು 'ಅದು' ಎಂದೇ ಹೇಳುವುದು, ಅದು ಪ್ರೀತಿಯ ಮಾತು. ನಮ್ಮ ಕನ್ನಡಕ್ಕೂ ಆ ಅಭ್ಯಾಸ ಹರಿದು ಬಂದಿದೆ; ಹುಡುಗಿ ಬಂತು, ಹುಡುಗಿ ಹೋಯಿತು. ಸಾನ್ವಿಗಂತೂ ಇಂಗ್ಲಿಷ್ ಶಾಲೆಯ ದಯೆಯಿಂದ ಬೆಕ್ಕಿನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲವೂ 'ಬಂತು'. ಹಾಗಾಗಿ ಮಲ್ಲಿ ಕೂತ್ಕೊಳ್ತದೆ ಎಂದಾಗ ನಾವಿಬ್ಬರೂ ಮಲ್ಲಿಕಾ ಎಂಬ ಹೆಸರಿನ ಒಬ್ಬ ಸಿಂಹಳದ ಹುಡುಗಿಯನ್ನು ಎರಡು ಜಡೆ ಸಮೇತ ಕಣ್ಣ ಮುಂದೆ ತಂದುಕೊಂಡೆವು.

"ಪಾಪ, ಅದರ ಅಮ್ಮನಿಗೆ ಡ್ಯೂಟಿ ಇರ್ಬೇಕು" ಎಂದಳು ವನಿತಾ. ಉಳಿದ ಬಟ್ಟೆಯಲ್ಲಿ ಎರಡನೆಯ ದಿಂಬು ಹೊಲಿದಳು. ಮಲ್ಲಿ ಚಿಕ್ಕದು ಎಂದು ಸಾನ್ವಿ ಹೇಳಿದ್ದರಿಂದ ಸ್ವಲ್ಪ ಸಣ್ಣದಾಗಿ ಹೊಲಿದಳು.

ಮಲ್ಲಿಯ ಸುದ್ದಿ ಆಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಬರುತ್ತಿತ್ತು. ಮಲ್ಲಿಗೆ ನೆಟ್ಟಗೆ ಕೂರಲು ಬರುವುದಿಲ್ಲ, ತನ್ನ ಮೈಗೆ ಒರಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ, ಮಲ್ಲಿ ಈಗ ಕಾಲು ಮಡಿಸುತ್ತದೆ. ಮಲ್ಲಿಗೆ ಮಾತು ಸರಿಯಾಗಿ ಬರುವುದಿಲ್ಲ, ಸಾಧು ಎನ್ನುವಾಗ ಎಲ್ಲರೂ ಮುಗಿಸಿದ ಮೇಲೆ ಹೇಳುತ್ತದೆ. ಮಲ್ಲಿಯ ಕೈ ಯಾವಾಗಲೂ ತಣ್ಣಗೆ. "ಏಸಿಯ ಕೆಳಗೆ ಕೂರಿಸ್ಬೇಡ ಮಾರಾಯ್ತಿ ಅದನ್ನು" ಎಂದು ವನಿತಾ ಹೇಳಿದಳು. ಅವಳು ಆ ಮಗುವಿಗೆಂದು ಬೇರೆ ಡಬ್ಬಿಯಲ್ಲಿ ತಿಂಡಿ ಕಳಿಸಲು ಶುರು ಮಾಡಿದ್ದಳು. ಬಾಳೆಹಣ್ಣಿನ ಹಲ್ವ, ನೀರುದೋಸೆ, ಬೆಲ್ಲ ಹಾಕಿದ ಅವಲಕ್ಕಿ. ಡಬ್ಬಿ ಹಾಗೆಯೇ ವಾಪಸ್ಸು ಬರುತ್ತಿತ್ತು. ಯಾಕೆ ತಿನ್ನಲಿಲ್ಲ ಎಂದು ಕೇಳಿದ್ದಕ್ಕೆ ಸಾನ್ವಿ ಹೇಳಿದಳು, "ಮಲ್ಲಿಗೆ ಸ್ಮೆಲ್ ಸಾಕು ಅಮ್ಮ."

ಅಂದು ವನಿತಾ ಡಬ್ಬಿ ತೊಳೆಯುತ್ತ ಸ್ವಲ್ಪ ಹೊತ್ತು ನಲ್ಲಿಯ ಮುಂದೆ ನಿಂತಿದ್ದಳು. ನಾನು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಮುಂದಿನ ವಾರವೂ ಡಬ್ಬಿ ಹೋಯಿತು.

ಈಗ ನಾನು ಹೇಳದೆ ಇಟ್ಟುಕೊಂಡಿರುವ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಸಾನ್ವಿಗೆ ಮೂರು ತುಂಬುವ ಮೊದಲು ನಮಗೆ ಇನ್ನೊಂದು ಮಗು ಆಗುವುದಿತ್ತು. ವನಿತಾಳಿಗೆ ಮೊದಲಿನಿಂದಲೇ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರಿಂದ ಸಾನ್ವಿಯನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸಿದ್ದೆವು. ಮಗು ಹುಟ್ಟುವಾಗ ಉಸಿರಿರಲಿಲ್ಲ. ಗಂಡು. ವನಿತಾ ಔಷಧಿಯ ಮಂಪರಿನಲ್ಲಿದ್ದಳು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು, ನಾನು ಒಂದು ಸಲ ಬಟ್ಟೆ ಸರಿಸಿ ಮುಖ ನೋಡಿದೆ. ಮಾರನೆಯ ದಿನ ಊರಿನ ಇಬ್ಬರು ಸ್ನೇಹಿತರ ಜೊತೆ ಹೋಗಿ ಇಲ್ಲಿಯ ಮಣ್ಣಿಗೇ ಕೊಟ್ಟು ಬಂದೆ. ವನಿತಾ ಅವನನ್ನು ನೋಡಲಿಲ್ಲ. ಹೇಗಿದ್ದ ಎಂದು ಕೇಳಲೂ ಇಲ್ಲ. ಮನೆಗೆ ಬಂದ ಮೇಲೆ ಆ ವಿಷಯವನ್ನು ನಾವಿಬ್ಬರೂ ಆಡಲಿಲ್ಲ, ಹೆಸರೂ ಇಡಲಿಲ್ಲ. ಸಾನ್ವಿ ಊರಿನಿಂದ ವಾಪಸ್ಸು ಬಂದಾಗ ಅಮ್ಮನಿಗೆ ಹೊಟ್ಟೆನೋವು ಇತ್ತು, ಈಗ ಗುಣವಾಯಿತು ಎಂದೆವು. ವನಿತಾ ಎಂದಾದರೂ ಕೇಳಿಯಾಳು, ಕೇಳಿದರೆ ಒಡೆದುಹೋದಾಳು ಎಂಬ ಹೆದರಿಕೆಯಲ್ಲಿ ನಾನು ಆ ವರ್ಷಗಳನ್ನು ಕಳೆದೆ. ಅವಳು ಕೇಳುವ ಧೈರ್ಯಕ್ಕಾಗಿ ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ವೈಶಾಖ ಹುಣ್ಣಿಮೆಯ ಹತ್ತಿರದ ಶುಕ್ರವಾರ ನಿಲ್ಮಿನಿ ಮಕ್ಕಳ ತಂದೆತಾಯಿಯರನ್ನೆಲ್ಲ ನಡುಹಗಲಿಗೆ ಕರೆದಿದ್ದರು. ಶುಕ್ರವಾರದ ಆ ನಮಾಜಿನ ಹೊತ್ತು ಇಲ್ಲಿ ಇದ್ದವರಿಗೆ ಗೊತ್ತು. ಎಲ್ಲರೂ ಮಸೀದಿಗೆ ಹೋಗಿರುತ್ತಾರೆ. ಅಂಗಡಿಗಳ ಶಟರ್ ಅರ್ಧ ಇಳಿದಿರುತ್ತದೆ, ರಸ್ತೆಯಲ್ಲಿ ಬೆಕ್ಕು ಕೂಡ ಇರುವುದಿಲ್ಲ. ಬಿಸಿಲಿಗೆ ಗೋಡೆಗಳೆಲ್ಲ ಒಂದೇ ಬಣ್ಣವಾಗಿ, ನಡು ಹಗಲೇ ಏನೋ ಮುಗಿದು ಹೋದಂತೆ ಕಾಣುತ್ತದೆ. ನಾವು ಮೆಟ್ಟಿಲು ಹತ್ತಿ ಮೇಲೆ ಹೋದೆವು. ಪರದೆ ಎಳೆದ ಹಾಲಿನಲ್ಲಿ ಬಣ್ಣದ ಕಾಗದದ ಗೂಡುದೀಪಗಳು ತೂಗುತ್ತಿದ್ದವು, ಬುದ್ಧನ ಮುಂದೆ ತೆಂಗಿನೆಣ್ಣೆಯ ದೀಪ ಉರಿಯುತ್ತಿತ್ತು. ಬಿಳಿ ಬಟ್ಟೆಯ ಮಕ್ಕಳು ಕಣ್ಣು ಮುಚ್ಚಿ ಕೂತಿದ್ದರು. ಸಾನ್ವಿಯ ಪಕ್ಕದಲ್ಲಿ ಸಣ್ಣ ಹಳದಿ ದಿಂಬು ಇತ್ತು, ಅದರ ಮೇಲೆ ಯಾರೂ ಇರಲಿಲ್ಲ. ಸಾನ್ವಿ ಮಾತ್ರ ಆ ಕಡೆಯ ಭುಜವನ್ನು ಸ್ವಲ್ಪ ತಗ್ಗಿಸಿ ಕೂತಿದ್ದಳು, ಅದಕ್ಕೆ ಯಾವುದೋ ಭಾರ ಆತುಕೊಂಡ ಹಾಗೆ.

ಮಂತ್ರ ಮುಗಿಯಿತು, ಸಾಧು ಆಯಿತು, ಮಕ್ಕಳು ಪಾನಕಕ್ಕೆ ಓಡಿದರು. ವನಿತಾ ನಿಲ್ಮಿನಿಯವರ ಹತ್ತಿರ ಇಂಗ್ಲಿಷಿನಲ್ಲಿ, "ಮಲ್ಲಿ ಇವತ್ತು ಬರಲಿಲ್ಲವಾ?" ಎಂದು ಕೇಳಿದಳು.

ನಿಲ್ಮಿನಿ ನಗುತ್ತಲೇ, "ಯಾರ ಮಲ್ಲಿ?" ಎಂದರು.

ಯಾರ ಮಲ್ಲಿ ಎಂದರೇನು? ಒಬ್ಬರ ಹೆಸರು ಹೇಳಿ ಕೇಳಿದರೆ ಯಾರ ಎಂದು ಯಾರಾದರೂ ಕೇಳುತ್ತಾರೆಯೇ? ಇವರಿಗೆ ಇಂಗ್ಲಿಷ್ ಸರಿಯಾಗಿ ತಿಳಿಯಲಿಲ್ಲವೆಂದು ನಾನು ಮುಂದೆ ಬಂದು, ನನ್ನ ಮಗಳ ಗೆಳತಿ, ಮಲ್ಲಿ ಎಂಬ ಹುಡುಗಿ ಎಂದು ವಿವರಿಸಿದೆ.

"ಹುಡುಗಿಯಲ್ಲ" ಎಂದರು ನಿಲ್ಮಿನಿ. "ಹೆಸರೂ ಅಲ್ಲ. ನಮ್ಮ ಭಾಷೆಯಲ್ಲಿ ಮಲ್ಲಿ ಎಂದರೆ ತಮ್ಮ."

ಏಸಿ ಗೊರಗುಡುತ್ತಿತ್ತು. ನಿಲ್ಮಿನಿ ನಿಧಾನವಾಗಿ ಹೇಳಿದರು. ಮೊದಲ ವಾರಗಳಲ್ಲಿಯೇ ಅವರು ಮಕ್ಕಳಿಗೆ ಮನೆಯವರೆಲ್ಲರಿಗೂ ಮೈತ್ರಿ ಕಳಿಸಲು ಹೇಳಿದಾಗ ಒಬ್ಬರು ಅಕ್ಕ ಎಂದರು, ಒಬ್ಬರು ನಂಗಿ ಎಂದರು. ಚಿಕ್ಕ ಬ್ರದರಿಗೆ ಏನು ಹೇಳುವುದೆಂದು ಸಾನ್ವಿ ಕೇಳಿದಳು. ಮಲ್ಲಿ ಎಂದರು. ಹಾಗಾದರೆ ನನಗೆ ಮಲ್ಲಿ ಇದೆ, ಆದರೆ ಕಾಣುವುದಿಲ್ಲ ಎಂದಳಂತೆ.

"ನನಗೆ ಅರ್ಥವಾಯಿತು ನಂಗಿ. ಆಮೇಲೆ ನೀವೇ ದಿಂಬು ಹೊಲಿದು ಕಳಿಸಿದಿರಿ. ಪ್ರತಿ ವಾರ ಅವನ ಪಾಲಿನ ತಿಂಡಿ ಕಳಿಸಿದಿರಿ. ನಮ್ಮಲ್ಲಿಯೂ ಹೋದವರ ಹೆಸರಿನಲ್ಲಿ ಹಾಗೆ ಕೊಡುತ್ತೇವೆ. ಎಂಥ ತಾಯಿ ಎಂದು ನಾನು ನನ್ನ ಗಂಡನ ಹತ್ತಿರ ಹೇಳಿದ್ದೆ."

ವನಿತಾ ನನ್ನ ಕಡೆಗೆ ನೋಡಲಿಲ್ಲ. ಅವಳು ದಿಂಬನ್ನು ನೋಡುತ್ತಿದ್ದಳು.

ಮನೆಗೆ ಬಂದು ನಾನು ಸಾನ್ವಿಯನ್ನು ಕೂರಿಸಿ ಕೇಳಿದೆ, ನಿನಗೆ ಯಾರು ಹೇಳಿದರು ಎಂದು. ಅಜ್ಜಿಯೇ? ಫೋನಿನಲ್ಲಿ ಯಾರಾದರೂ ಮಾತಾಡಿದ್ದು ಕೇಳಿದೆಯಾ? ಅವಳು ಗಾಬರಿಯಾಗಿ, "ಯಾರೂ ಹೇಳಲಿಲ್ಲ ಪಪ್ಪ. ಅದು ಇತ್ತಲ್ಲ. ನಾನು ಅಜ್ಜಿ ಮನೆಯಿಂದ ಬಂದಾಗಲೇ ಇತ್ತು" ಎಂದಳು. ಇದಕ್ಕಿಂತ ಹೆಚ್ಚು ಕೇಳುವ ಶಕ್ತಿ ನನಗಿರಲಿಲ್ಲ. ಊರಿಗೆ ಫೋನು ಮಾಡಿ ಅಮ್ಮನನ್ನೇ ಕೇಳಿದೆ. ಮಗುವಿನ ಎದುರು ತುಟಿ ಬಿಚ್ಚಿಲ್ಲವೆಂದು ಅವರು ಆಣೆ ಹಾಕಿದರು.

ನಮ್ಮ ತುಳುವರಲ್ಲಿ ಸತ್ತವರು ಕುಲೆಗಳಾಗುತ್ತಾರೆ, ಎಂದರೆ ಪ್ರೇತಗಳು. ಆಷಾಢದ ಹೊತ್ತಿನ ಆಟಿ ತಿಂಗಳಿನಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಎಳವೆಯಲ್ಲಿ ತೀರಿಕೊಂಡ ಮಕ್ಕಳಿಗೆ ಪ್ರಾಯ ಬಂದಾಗ ಹೆಣ್ಣೋ ಗಂಡೋ ಹುಡುಕಿ ಮದುವೆಯನ್ನೂ ಮಾಡುತ್ತೇವೆ. ದೋಹಾದ ಆಫೀಸಿನಲ್ಲಿ ಕೂತು ಇದನ್ನು ಹೇಳಿದರೆ ಜನ ನಗುತ್ತಾರೆ, ನಾನೂ ಜೊತೆಗೆ ನಕ್ಕಿದ್ದೇನೆ. ಆ ದಿನ ಅಮ್ಮ ಹೇಳಿದ್ದಕ್ಕೆ ನಗು ಬರಲಿಲ್ಲ.

"ಸತ್ತ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ ಮಗಾ. ಅವಕ್ಕೂ ಪ್ರಾಯ ಆಗ್ತದೆ. ನಾವು ಕರೆಯಲಿಲ್ಲ. ಕರೆದವರ ಮನೆಗೆ ಅದು ಹೋಯ್ತು. ಮೊದಲು ಆ ಕ್ಲಾಸ್ ನಿಲ್ಲಿಸು."

ನಾನು ನಿಲ್ಲಿಸಿದೆ. ಮಗುವಿನ ಮನಸ್ಸಿಗೆ ಒಳ್ಳೆಯದಲ್ಲ ಎಂದು ನಿಲ್ಮಿನಿಯವರ ಹತ್ತಿರ ಸುತ್ತಿ ಬಳಸಿ ಹೇಳಿದೆ. ಅವರು ತಲೆಯಾಡಿಸಿ ಎರಡು ದಿಂಬುಗಳನ್ನೂ ವಾಪಸ್ಸು ಕೊಟ್ಟರು. ವನಿತಾ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಾತು ಅಷ್ಟಕ್ಕೇ ನಿಂತಿತೆಂದು ನಾನು ಸಮಾಧಾನಪಟ್ಟುಕೊಂಡೆ. ಮನೆ ಹಾಗೆ ಸಮಾಧಾನಪಟ್ಟುಕೊಳ್ಳಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದರೆ ಸಾನ್ವಿ ನಮ್ಮ ಹಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು, ಪಕ್ಕದಲ್ಲಿ ಸಣ್ಣ ದಿಂಬು. ನಾನು ಅದನ್ನು ಎತ್ತಿ ಸೋಫಾದ ಮೇಲಿಟ್ಟರೆ ಅದರ ನಡುವಿನ ತಗ್ಗು ಹಾಗೆಯೇ ಇರುತ್ತಿತ್ತು. ಕೈಯಿಂದ ಬಡಿದು ಸರಿಮಾಡುತ್ತಿದ್ದೆ. ಸಂಜೆಗೆ ಮತ್ತೆ ತಗ್ಗು. ಅಗ್ಗದ ಸ್ಪಂಜು ಎಂದು ನಾನೇ ನನಗೆ ಹೇಳಿಕೊಂಡೆ.

ಒಂದು ಶುಕ್ರವಾರ ನಾವು ಮೂವರೂ ಮೇಜಿನಲ್ಲಿ ದೋಸೆ ತಿನ್ನುತ್ತಿದ್ದೆವು. ಮೇಲಿನಿಂದ ಮಕ್ಕಳ ದನಿ ಏಸಿಯ ತೂತಿನಲ್ಲಿ ಇಳಿಯಿತು, ಸಾಧು, ಸಾಧು, ಸಾಧು. ಅದು ಮುಗಿಯಿತು. ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ ನಮ್ಮ ಹಾಲಿನ ಒಳಗೆ, ನೆಲದ ಮಟ್ಟದಿಂದ, ಇನ್ನೂ ತೊದಲುವ ಒಂದು ದನಿ ಕೊನೆಯ ಸಾಧುವನ್ನು ಹೇಳಿತು. ನಾನು ಸಾನ್ವಿಯ ಕಡೆ ನೋಡಿದೆ. ಅವಳ ಬಾಯಿ ತುಂಬ ದೋಸೆ ಇತ್ತು. ವನಿತಾಳ ಕೈ ಬಟ್ಟಲಿನ ಮೇಲೆಯೇ ನಿಂತಿತು. ಅವಳಿಗೂ ಕೇಳಿಸಿತ್ತು.

ಅವಳು ಕೈ ತೊಳೆದು, ಹಾಲಿಗೆ ಹೋಗಿ, ದಿಂಬನ್ನು ಎತ್ತಿಕೊಂಡಳು. ಎತ್ತಿಕೊಂಡ ರೀತಿ ದಿಂಬನ್ನು ಎತ್ತುವ ರೀತಿಯಾಗಿರಲಿಲ್ಲ. ಒಂದು ಕೈ ಕೆಳಗೆ, ಒಂದು ಕೈ ಹಿಂದೆ. ಎಲ್ಲಿಗೆ ಎಂದು ಕೇಳಿದೆ.

"ನೀವು ಬನ್ನಿ, ಬೇಡವಾದರೆ ಇಲ್ಲಿರಿ" ಎಂದಳು. "ನಾನು ಇದಕ್ಕೆ ಹೊಟ್ಟೆನೋವು ಅಂತ ಹೇಳಿದ್ದು ಸಾಕು."

ನಾವು ಮೂವರೂ ಮೇಲೆ ಹೋದಾಗ ಮಕ್ಕಳು ಹೋಗಿ ಆಗಿತ್ತು. ನಿಲ್ಮಿನಿ ನಮ್ಮನ್ನು ನೋಡಿ ಚಾಪೆ ಹಾಸಿದರು. ಒಂದು ಬಟ್ಟಲು, ಅದರೊಳಗೆ ಒಂದು ಪುಟ್ಟ ಲೋಟ, ಒಂದು ಹೂಜಿ ನೀರು ತಂದಿಟ್ಟರು. ಸತ್ತವರಿಗೆ ಪಿನ್ ಕೊಡುವುದು ಎಂದರು. ಇಂಥ ಹೊತ್ತಿನಲ್ಲಿಯೂ ನನ್ನ ತಲೆಗೆ ಮೊದಲು ಬಂದದ್ದು ಬ್ಯಾಂಕಿನ ಪಿನ್ ನಂಬರು. ಪಿನ್ ಎಂದರೆ ಪುಣ್ಯ. ನಾವು ಮಾಡಿದ ಒಳ್ಳೆಯದರಲ್ಲಿ ಹೋದವರಿಗೂ ಪಾಲು ಕೊಡುವುದು. ಲೋಟ ತುಂಬಿ ಉಕ್ಕುವವರೆಗೆ ನೀರು ಹೊಯ್ಯುವುದು. ಇದನ್ನು ಅವರು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದರು, ಹಾಗಾಗಿ ನಮಗೆ ಹೇಳಿಕೊಟ್ಟದ್ದು ಸಾನ್ವಿ. "ಅಮ್ಮ, ಎಲ್ಲರೂ ಜಗ್ ಮುಟ್ಬೇಕು. ನಿಧಾನ ಹೊಯ್ಯಿ. ನಿಲ್ಲಿಸ್ಬಾರ್ದು."

ಹೊಯ್ಯುವ ಮೊದಲು ನಿಲ್ಮಿನಿ ಹೆಸರು ಕೇಳಿದರು. ನಾನು ನೆಲ ನೋಡಿದೆ. ವನಿತಾ, "ಮಲ್ಲಿ" ಎಂದಳು. ಆಮೇಲೆ ಹೂಜಿಯನ್ನು ಹಿಡಿದುಕೊಂಡೇ ಮಗಳ ಕಡೆ ತಿರುಗಿ, ಅಷ್ಟು ವರ್ಷ ನನ್ನನ್ನು ಕೇಳದೆ ಇದ್ದದ್ದನ್ನು ಅವಳನ್ನು ಕೇಳಿದಳು.

"ನೋಡ್ಲಿಕ್ಕೆ ಹೇಗುಂಟು ಅದು?"

ಸಾನ್ವಿ ಪಕ್ಕಕ್ಕೆ, ದಿಂಬಿನ ಕಡೆಗೆ ನೋಡಿದಳು. ಶಾಲೆಯ ಪುಸ್ತಕ ನೋಡಿ ಓದುವ ಹಾಗೆ ಸಹಜವಾಗಿ ಹೇಳಿದಳು. "ಕೂದಲು ತುಂಬ ಉಂಟು. ಮೂಗು ಪಪ್ಪನ ಹಾಗೆ. ಮತ್ತೆ ಒಂದು ಇಯರ್ ಹೀಗೆ ಮಡಚಿ ಉಂಟು." ತನ್ನ ಎಡಗಿವಿಯ ತುದಿಯನ್ನು ಬೆರಳಿನಿಂದ ಒಳಕ್ಕೆ ಮಡಚಿ ತೋರಿಸಿದಳು.

ಬಿಳಿ ಬಟ್ಟೆ ಸರಿಸಿದಾಗ ನಾನು ಕಂಡದ್ದು ಆ ಕಿವಿ. ಎಳೆ ಕೆಸುವಿನ ಎಲೆಯ ತುದಿಯಂತೆ ಒಳಕ್ಕೆ ಮಡಚಿತ್ತು. ಬಿಡಿಸಿದರೆ ಸರಿಯಾಗಬಹುದೆಂದು ನಾನು ಹೆಬ್ಬೆರಳಿನಿಂದ ಒಮ್ಮೆ ಸವರಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಇಲ್ಲ, ಜೊತೆಗೆ ಬಂದ ಸ್ನೇಹಿತರಿಗೂ ಇಲ್ಲ.

ವನಿತಾ ನನ್ನ ಕಡೆ ತಿರುಗಿದಳು. "ಹೌದಾ?"

ಸುಳ್ಳು ಹೇಳಬಾರದೆಂಬ ಪಾಠ ಕಲಿತ ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು. "ಹೌದು" ಎಂದೆ. "ಎಡಗಿವಿ."

ಅವಳು ಅತ್ತಳು. ಒಡೆದುಹೋಗಲಿಲ್ಲ. ಅಳುತ್ತಲೇ ಹೂಜಿ ಬಗ್ಗಿಸಿದಳು. ನಾನೂ ಸಾನ್ವಿಯೂ ಕೈ ಹಿಡಿದೆವು. ನಾನೂ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಲೋಟ ತುಂಬಿತು, ಅಂಚಿನಲ್ಲಿ ಒಂದು ಕ್ಷಣ ಉಬ್ಬಿ ನಿಂತಿತು, ಆಮೇಲೆ ಸುತ್ತಲೂ ಇಳಿದು ಬಟ್ಟಲಿಗೆ ಹರಿಯಿತು. ನಿಲ್ಮಿನಿ ಮೆಲ್ಲಗೆ ಏನೋ ಹೇಳುತ್ತಿದ್ದರು. ಎಲ್ಲ ಮುಗಿದು ನಾವು ಸಾಧು ಎಂದೆವು. ನಾನು ಕಿವಿಗೊಟ್ಟು ಕಾದೆ. ಹಿಂದಿನಿಂದ ಯಾರೂ ಹೇಳಲಿಲ್ಲ. ದಿಂಬಿನ ನಡುವಿನ ತಗ್ಗು ನಾವು ನೋಡುತ್ತಿದ್ದ ಹಾಗೆಯೇ ನಿಧಾನವಾಗಿ ಏರಿ ಸಮವಾಯಿತು. ಸಾನ್ವಿ ಭುಜವನ್ನು ನೆಟ್ಟಗೆ ಮಾಡಿ, "ಎದ್ದಿತು" ಎಂದಳು.

ಮುಂದಿನ ವಾರದಿಂದ ಅವಳು ಮತ್ತೆ ಕ್ಲಾಸಿಗೆ ಹೋದಳು, ದೊಡ್ಡ ದಿಂಬನ್ನು ಮಾತ್ರ ತೆಗೆದುಕೊಂಡು. ಸಣ್ಣದು ಕಪಾಟಿನ ಮೇಲೆ ಹೋಯಿತು. ಕೆಲವು ವರ್ಷಗಳ ನಂತರ ನಿಲ್ಮಿನಿಯವರ ಗಂಡನ ಕಾಂಟ್ರಾಕ್ಟ್ ಮುಗಿದು ಅವರು ತಮ್ಮ ಊರಿಗೆ ಹೊರಟರು. ಮೆಟ್ಟಿಲಿನಲ್ಲಿ ಬೂಟುಗಳಿಲ್ಲದೆ ನಮಗೆ ತುಂಬಾ ದಿನ ಬೇಜಾರಾಯಿತು.

ಇಷ್ಟೆಲ್ಲ ಆ ದಿನ ನನ್ನ ತಲೆಯಲ್ಲಿ ಓಡುವಾಗ ಪಠಾಣ ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿದ್ದ. ಸಾನ್ವಿಗೆ ಈಗ ಹನ್ನೊಂದು. ಕಾರ್ಟನ್ನಿನ ಮೇಲೆ ಕೂತ ಅವಳ ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಫೋನು. ದಿಂಬು ತೋರಿಸಿ, ನೆನಪುಂಟಾ, ಮಲ್ಲಿಯದು ಎಂದೆ.

ಅವಳು ಇಯರ್‌ಫೋನ್ ಒಂದನ್ನು ತೆಗೆದು, "ಯಾವ ಮಲ್ಲಿ ಪಪ್ಪ?" ಎಂದಳು. ನಾಟಕವಲ್ಲ. ಕ್ಲಾಸು ನೆನಪಿತ್ತು, ಬಾಟಲಿಯ ಮರಳು ನೆನಪಿತ್ತು, ಪಕ್ಕದಲ್ಲಿ ಕೂತವರು ಯಾರೂ ನೆನಪಿರಲಿಲ್ಲ.

ವನಿತಾ ಬಂದು ನನ್ನ ಕೈಯಿಂದ ದಿಂಬು ತೆಗೆದುಕೊಂಡಳು. ನಡುವೆ ಮತ್ತೆ ಬಿದ್ದಿದ್ದ ತಗ್ಗನ್ನು ನೋಡಿದಳು. ಅಂಗೈಯಿಂದ ಅದರ ಅಗಲ ಅಳೆದಳು, ಶಾಲೆ ಶುರುವಾಗುವ ಮೊದಲು ಮಕ್ಕಳ ಯೂನಿಫಾರ್ಮ್ ಅಳೆಯುತ್ತಾರಲ್ಲ, ಹಾಗೆ.

"ಅವನಿಗೆ ಇದು ಸಣ್ಣದಾಯ್ತು" ಎಂದಳು. "ಹೊಸ ಮನೆಯಲ್ಲಿ ಒಂದು ದೊಡ್ಡದು ಹೊಲಿಯುವ."

ಅವಳು 'ಅವನು' ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಪಠಾಣನಿಗೆ ನಾನು, "ಖಲಾಸ್ ಅಲ್ಲ, ಭಾಯ್. ಇದು ನಮ್ಮ ಜೊತೆ ಬರುತ್ತದೆ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

ಲಾರಿ ಮುಂದೆ ಹೋಯಿತು. ನಾವು ಕಾರು ಹತ್ತಿದೆವು. ವನಿತಾ ಮುಂದೆ, ಸಾನ್ವಿ ಹಿಂದೆ, ಅವಳ ಪಕ್ಕದ ಸೀಟಿನಲ್ಲಿ ದಿಂಬು. ನಾನು ಗೇರು ಹಾಕಿದ್ದೇ ಕಾರು ಟಿಂಗ್ ಟಿಂಗ್ ಎನ್ನಲು ಶುರು ಮಾಡಿತು. ಸೀಟು ಬೆಲ್ಟ್ ಹಾಕಿಲ್ಲವೆಂಬ ಗಂಟೆ. ನಾನು ನನ್ನ ಬೆಲ್ಟ್ ನೋಡಿಕೊಂಡೆ, ವನಿತಾಳದ್ದು ನೋಡಿದೆ, ಕನ್ನಡಿಯಲ್ಲಿ ಸಾನ್ವಿಯದ್ದು ನೋಡಿದೆ. ಎಲ್ಲರದ್ದೂ ಹಾಕಿತ್ತು. ಗಂಟೆ ನಿಲ್ಲಲಿಲ್ಲ. ಮುಂದಿನ ಪರದೆಯಲ್ಲಿ ಹಿಂದಿನ ಎಡಗಡೆಯ, ದಿಂಬು ಇದ್ದ ಸೀಟಿನ ಗುರುತು ಕೆಂಪಾಗಿ ಮಿನುಗುತ್ತಿತ್ತು. ಆ ಸೀಟಿನಲ್ಲಿ ನಾನು ತರಕಾರಿಯ ಚೀಲ ಇಟ್ಟು ಎಷ್ಟೋ ಸಲ ಓಡಿಸಿದ್ದೇನೆ, ಒಂದು ದಿನವೂ ಅದು ಸದ್ದು ಮಾಡಿರಲಿಲ್ಲ.

ನಾವಿಬ್ಬರೂ ಹಿಂದೆ ತಿರುಗಲಿಲ್ಲ. ಸಾನ್ವಿ ಫೋನಿನಿಂದ ಕಣ್ಣು ತೆಗೆಯದೆ ಕೈ ಚಾಚಿ, ಪಕ್ಕದ ಬೆಲ್ಟನ್ನು ಎಳೆದು, ದಿಂಬಿನ ಮೇಲಕ್ಕೆ ಸ್ವಲ್ಪ ಜಾಗ ಬಿಟ್ಟು, ಗಾಳಿಯಲ್ಲಿ ಒಂದು ಎದೆಯ ಎತ್ತರದಲ್ಲಿ ದಾಟಿಸಿ, ಕ್ಲಿಕ್ ಎಂದು ಹಾಕಿದಳು. ಗಂಟೆ ನಿಂತಿತು. ಬೆಲ್ಟು ದಿಂಬಿನ ಮೇಲೆ ಬೀಳಲಿಲ್ಲ, ಹಾಗೆಯೇ ನಿಂತಿತ್ತು. ನಾನು ಕನ್ನಡಿ ಸರಿಮಾಡಿಕೊಂಡು, ರಸ್ತೆಯ ಹಂಪುಗಳಲ್ಲಿ ನಿಧಾನ ಮಾಡುತ್ತ, ಹೊಸ ಮನೆಯ ಕಡೆಗೆ ಕಾರು ಓಡಿಸಿದೆ.